ಕ್ಯಾಂಪಸ್ಸಿನ ಆ ಅಮೂರ್ತ ಶಿಲ್ಪ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಾಲೇಜು, ವಿಶ್ವವಿದ್ಯಾಲಯಗಳ ಅಂಗಳದಲ್ಲಿ ನಿಂತಿರುವ ಅಮೂರ್ತ ಶಿಲ್ಪಗಳನ್ನು ಜನರಿಗೆ ತೋರಿಸಿ ಮಾತಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಹೊಸದಾಗಿ ಸೇರಿದ ವಿದ್ಯಾರ್ಥಿಗಳು, ಅಡ್ಮಿಷನ್‌ಗೆ ಬಂದ ಅಪ್ಪ ಅಮ್ಮಂದಿರು, ಗೇಟಿನ ಸೆಕ್ಯುರಿಟಿಯವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ. ನಿಮ್ಮ ಕ್ಯಾಂಪಸ್ಸಿನಲ್ಲಿ ಇರುವುದು ಸ್ಟೀಲಿನದೋ ಕಲ್ಲಿನದೋ ಸಿಮೆಂಟಿನದೋ, ಏನೇ ಇರಲಿ, ಇಲ್ಲಿನ ಬಹುಪಾಲು ಮಾತು ಅದಕ್ಕೂ ಸಲ್ಲುತ್ತದೆ.

ಇದು ಏನು? ಇದರ ಅರ್ಥ ಏನು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೇಳಬೇಕಾದ್ದೇ. ಗಾಂಧಿ ಪ್ರತಿಮೆಯ ಮುಂದೆ ನಿಂತರೆ ಯಾರು ಅಂತ ತಕ್ಷಣ ಗೊತ್ತಾಗುತ್ತದೆ, ಕೈಮುಗಿದು ಮುಂದೆ ಹೋಗುತ್ತೇವೆ. ಇಲ್ಲಿ ಮುಖ ಇಲ್ಲ, ಕೈಕಾಲು ಇಲ್ಲ, ಹೆಸರಿಟ್ಟು ಕರೆಯುವಂಥ ವಸ್ತು ಯಾವುದೂ ಇಲ್ಲ. ಇರುವುದು ಆಕಾರ, ತೂಕ, ನಡುವಿನ ಖಾಲಿ ಜಾಗ, ಬೆಳಕು, ನೆರಳು. ಕಲಾವಿದರು ಇವನ್ನೇ ಹಿಡಿದು ಕೆಲಸ ಮಾಡಿರುತ್ತಾರೆ. ಒಳಗೆಲ್ಲೋ ಒಂದು ಗುಟ್ಟು ಬಚ್ಚಿಟ್ಟು, ಕಂಡುಹಿಡಿಯಿರಿ ನೋಡೋಣ ಅಂತ ನಿಮಗೆ ಪರೀಕ್ಷೆ ಕೊಟ್ಟಿರುವುದಿಲ್ಲ.

ಹಾಗಂತ ಅರ್ಥವೇ ಇರುವುದಿಲ್ಲ ಅಂತಲೂ ತಿಳಿಯಬೇಡಿ. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ಮಾಡಿದ 'ನ್ಯೂಕ್ಲಿಯರ್ ಎನರ್ಜಿ' ಎಂಬ ಕಂಚಿನ ಶಿಲ್ಪ ಇದೆ. 1942ರ ಡಿಸೆಂಬರ್ 2ರಂದು ಭೌತವಿಜ್ಞಾನಿ ಎನ್ರಿಕೊ ಫರ್ಮಿ ಮತ್ತು ಅವರ ತಂಡ ಅದೇ ಜಾಗದಲ್ಲಿ, ಆಗ ಅಲ್ಲಿದ್ದ ಆಟದ ಮೈದಾನದ ಗ್ಯಾಲರಿಯ ಕೆಳಗೆ, ಮನುಷ್ಯರು ನಡೆಸಿದ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿತು. ಸರಿಯಾಗಿ 25 ವರ್ಷ ಕಳೆದ ಮೇಲೆ, 1967ರ ಡಿಸೆಂಬರ್ 2ರಂದು, ಶಿಲ್ಪದ ಅನಾವರಣ ಆಯಿತು. ಅದರ ಮೇಲ್ಭಾಗ ನುಣುಪಾದ ಗುಂಡು. ಒಂದು ಕಡೆಯಿಂದ ಅಣುಬಾಂಬಿನ ಅಣಬೆ ಮೋಡ ಅನಿಸುತ್ತದೆ, ಇನ್ನೊಂದು ಕಡೆಯಿಂದ ತಲೆಬುರುಡೆ. ಕೆಳಗೆ ಕಂಬ, ಕಮಾನು, ಒಳಗೆ ಹೊಕ್ಕು ನೋಡಬಹುದು ಅನಿಸುವಂಥ ಪೊಟರೆಗಳು. ಮೋಡ ಮತ್ತು ಬುರುಡೆ ಎರಡೂ ತನ್ನ ಮನಸ್ಸಿನಲ್ಲಿ ಇದ್ದವು ಅಂತ ಮೂರ್ ಅವರೇ ಹೇಳಿದ್ದರು. ಅಂದರೆ ಮಾಡಿದವರೇ ಒಂದು ಅರ್ಥಕ್ಕೆ ಗಂಟುಬಿದ್ದಿರಲಿಲ್ಲ. ನಾವು ಮಾತ್ರ ಯಾಕೆ ಒಂದೇ ಉತ್ತರಕ್ಕೆ ಪಟ್ಟು ಹಿಡಿಯಬೇಕು?

ನನ್ನ ಸಲಹೆ ಇಷ್ಟು: ಅರ್ಥದ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಮೊದಲು 'ಇದು ಹೇಗೆ ನಿಂತಿದೆ' ಅಂತ ಕೇಳಿ. ಭಾರ ಎಲ್ಲಿ ಬಿದ್ದಿದೆ, ಯಾವ ಭಾಗ ಯಾವುದನ್ನು ಹೊತ್ತಿದೆ, ಎಲ್ಲಿ ಬೀಳುವ ಹಾಗೆ ಕಾಣುತ್ತದೆ, ಯಾಕೆ ಬೀಳುತ್ತಿಲ್ಲ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಶಿಲ್ಪ ತಾನಾಗಿಯೇ ತೆರೆದುಕೊಳ್ಳುತ್ತದೆ.

ಅಮೂರ್ತ ಕಲೆ ವಿದೇಶದಿಂದ ಬಂದದ್ದು, ನಮ್ಮದಲ್ಲ, ಅಲ್ವಾ?

ಈ ಮಾತು ಕೇಳಿದಾಗೆಲ್ಲ ನಾನು ಬೆಂಗಳೂರಿನ ಗವಿಪುರಕ್ಕೆ ಹೋಗಿ ಬನ್ನಿ ಅನ್ನುತ್ತೇನೆ. ಗವಿ ಗಂಗಾಧರೇಶ್ವರ ದೇವಸ್ಥಾನದ ಅಂಗಳದಲ್ಲಿ ಏಕಶಿಲೆಯ ಕಂಬಗಳಿವೆ. ಒಂದರ ತುದಿಯಲ್ಲಿ ತ್ರಿಶೂಲ, ಒಂದರಲ್ಲಿ ಡಮರು, ಇನ್ನೆರಡರ ಮೇಲೆ ಆಳೆತ್ತರದ ಎರಡು ದುಂಡು ಕಲ್ಲುಗಳು. ಸೂರ್ಯಪಾನ, ಚಂದ್ರಪಾನ ಅಂತ ಕರೆಯುತ್ತಾರೆ. ಕಣ್ಣು ಮೂಗು ಕೆತ್ತಿದ ಸೂರ್ಯ ಅಲ್ಲ, ಚಂದ್ರ ಅಲ್ಲ. ತೆಳ್ಳಗಿನ ಕಂಬದ ಮೇಲೆ ಭಾರವಾದ ವೃತ್ತ, ಹಿಂದೆ ಆಕಾಶ. ಸಂಕ್ರಾಂತಿ ಸಂಜೆ ಬಿಸಿಲು ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಬೇರೆ ದಿನ ಹೋಗಿ ಆ ವೃತ್ತಗಳ ಕೆಳಗೆ ನಿಂತು ನೋಡಿ. ಆಕಾರ, ತೂಕ, ಬೆಳಕು ಈ ಮೂರನ್ನು ನಮ್ಮ ಊರಿನ ಕಲ್ಲುಕುಟಿಗರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ಅಂತ ತಿಳಿಯುತ್ತದೆ.

ಇನ್ನೂ ಹಿಂದೆ ಹೋಗಬೇಕು ಅಂದರೆ ಶಿವಮೊಗ್ಗ ಜಿಲ್ಲೆ ಹೊಸನಗರದ ಕಡೆ ನಿಲಸ್ಕಲ್, ಬೈಸೆ ಎಂಬ ಊರುಗಳಿವೆ. ಅಲ್ಲಿ ಬೃಹತ್ ಶಿಲಾಯುಗದ ಜನ ನೆಟ್ಟ ಎತ್ತರದ ಕಲ್ಲುಗಳು ಇವತ್ತಿಗೂ ನಿಂತಿವೆ. ಒಂದರಲ್ಲೂ ಮೂರ್ತಿ ಇಲ್ಲ. ಅವುಗಳಲ್ಲಿ ಕೆಲವನ್ನು ಅಯನ ಸಂಕ್ರಾಂತಿಯ, ಅಂದರೆ ವರ್ಷದ ಅತಿ ಉದ್ದ ಮತ್ತು ಅತಿ ಚಿಕ್ಕ ಹಗಲಿನ ದಿನಗಳ, ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಹೊಂದಿಸಿ ನೆಟ್ಟಿದ್ದಾರೆ ಅಂತ ಸಂಶೋಧಕರು ತೋರಿಸಿದ್ದಾರೆ. ಊರಾಚೆ ಬೇವಿನ ಮರದ ಕೆಳಗಿನ ಗ್ರಾಮದೇವತೆಯ ಗುಂಡುಕಲ್ಲು, ಮನೆಯ ಶಾಲಿಗ್ರಾಮ, ಶಿವನ ಲಿಂಗ, ಇವಕ್ಕೆಲ್ಲ ಮುಖ ಎಲ್ಲಿದೆ ಅಂತ ನಾವು ಯಾವತ್ತೂ ಕೇಳಿದವರಲ್ಲ. ಮುಖವಿಲ್ಲದ ರೂಪದ ಮುಂದೆ ನಿಲ್ಲುವುದು ನಮ್ಮ ಜನಕ್ಕೆ ಹೊಸದೇನಲ್ಲ.

ಇನ್ನು ವಿಶ್ವವಿದ್ಯಾಲಯದ ವಿಚಾರ. ನಮ್ಮ ದೇಶದಲ್ಲಿ ಇದನ್ನು ಗಟ್ಟಿಯಾಗಿ ಶುರು ಮಾಡಿದ್ದು ಶಾಂತಿನಿಕೇತನದ ರಾಮಕಿಂಕರ್ ಬೈಜ್. ಅಲ್ಲಿಯ ಕಲಾಶಾಲೆ ಕಲಾಭವನದ ಬಯಲಲ್ಲಿ ಅವರು 1938ರಲ್ಲಿ 'ಸಂತಾಲ ಕುಟುಂಬ' ಮಾಡಿದರು. ಸಿಮೆಂಟಿಗೆ ಮುರಕಲ್ಲಿನ ಜಲ್ಲಿ ಕಲಸಿ, ಒಳಗಿನ ಕಂಬಿಯ ಮೇಲೆ ಎಸೆದು ಎಸೆದು ಕಟ್ಟಿದ್ದು. ಅದರಲ್ಲಿ ಮನುಷ್ಯರಿದ್ದಾರೆ, ನಾಯಿ ಇದೆ. ಆಮೇಲೆ 1940ರ ಹೊತ್ತಿಗೆ ಅದೇ ಕ್ಯಾಂಪಸ್ಸಿನಲ್ಲಿ 'ದೀಪಸ್ತಂಭ' ಮಾಡಿದರು. ಅದು ಶುದ್ಧ ಅಮೂರ್ತ. ಭಾರತದ ಮೊದಲ ಹೊರಾಂಗಣ ಅಮೂರ್ತ ಶಿಲ್ಪಗಳ ಮಾತು ಬಂದಾಗ ಅದರ ಹೆಸರು ಬಂದೇ ಬರುತ್ತದೆ. ಆಗ ಇನ್ನೂ ಸ್ವಾತಂತ್ರ್ಯವೂ ಬಂದಿರಲಿಲ್ಲ!

ಹಾಗಾದರೆ ನೋಡುವುದು ಹೇಗೆ?

ಒಂದು ಸುತ್ತು ಹಾಕಿ. ಅದಕ್ಕಿಂತ ದೊಡ್ಡ ವಿದ್ಯೆ ಬೇಡ. ಕಟ್ಟಡದ ಕಡೆಗೆ ಮುಖ ಮಾಡಿ ಒಂದು ಫೋಟೋ ತೆಗೆದು ಹೋಗುವವರೇ ಜಾಸ್ತಿ. ಶಿಲ್ಪಕ್ಕೆ ಹಿಂಭಾಗ ಅಂತ ಇರುವುದಿಲ್ಲ, ಆ ಕಡೆಯೂ ಅಷ್ಟೇ ಕೆಲಸ ನಡೆದಿರುತ್ತದೆ. ನಿಧಾನವಾಗಿ ಸುತ್ತಿದರೆ ಎರಡು ಭಾಗಗಳ ನಡುವಿನ ಸಂದು ಕಿರಿದಾಗುತ್ತಾ ಬಂದು ಒಂದು ಹೆಜ್ಜೆಯಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ, ಮುಂದಿನ ಹೆಜ್ಜೆಗೆ ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ. ಆ ಹೆಜ್ಜೆ ಯಾವುದು ಅಂತ ಕಂಡುಕೊಳ್ಳಿ.

ಬೆಳಿಗ್ಗೆ ಮೊದಲ ಕ್ಲಾಸಿಗೆ ಮುಂಚೆ ಒಮ್ಮೆ, ಸಂಜೆ ಬಸ್ಸಿಗೆ ಹೋಗುವಾಗ ಒಮ್ಮೆ ನೋಡಿ. ನೆರಳು ಬೇರೆ ಕಡೆ ಇರುತ್ತದೆ. ಮಳೆ ಬಂದು ನಿಂತ ಹತ್ತು ನಿಮಿಷ ತುಂಬಾ ಚೆನ್ನ, ಗ್ರಾನೈಟು ಕಪ್ಪಾಗುತ್ತದೆ, ಸ್ಟೀಲಿನಲ್ಲಿ ಮೋಡ ಕಾಣುತ್ತದೆ.

ಕಿವಿಗೂ ಕೆಲಸ ಕೊಡಿ. ತಗಡು ಬೆಸೆದು ಮಾಡಿದ ದೊಡ್ಡ ಶಿಲ್ಪದ ಪಕ್ಕ ಏಪ್ರಿಲ್ ತಿಂಗಳಲ್ಲಿ ಹೊತ್ತು ಮುಳುಗುವಾಗ ಸುಮ್ನೆ ಕೂತರೆ ಸಣ್ಣಗೆ ಟಿಕ್, ಟಿಕ್ ಅಂತ ಕೇಳುತ್ತದೆ. ಹಗಲಿಡೀ ಕಾದು ಹಿಗ್ಗಿದ ಲೋಹ ತಣ್ಣಗಾಗುತ್ತಾ ಕುಗ್ಗುವ ಸದ್ದು ಅದು. 5 ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲಿನ ಶಾಖ 40 ಡಿಗ್ರಿ ಏರಿದರೆ ಅದು ಸುಮಾರು 3 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ ಆಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಎರಡೂ ತುದಿ ಬಿಗಿದುಬಿಟ್ಟರೆ ಬೆಸುಗೆ ಬಿರುಕು ಬಿಡುತ್ತದೆ.

ಯಾವುದರಿಂದ ಮಾಡಿದ್ದು ಅಂತ ಗುರುತಿಸುವುದು ಹೇಗೆ?

ಫ್ರಿಜ್ಜಿನ ಮೇಲಿನ ಒಂದು ಆಯಸ್ಕಾಂತ ಜೇಬಲ್ಲಿಟ್ಟುಕೊಂಡು ಹೋಗಿ. ಹೊಳೆಯುವ ಲೋಹಕ್ಕೆ ಅದು ಅಂಟದಿದ್ದರೆ ಬಹುತೇಕ ಸ್ಟೇನ್‌ಲೆಸ್ ಸ್ಟೀಲು, 304 ಅಥವಾ 316 ದರ್ಜೆಯದು. ಬಗ್ಗಿಸಿದ ಅಂಚಿನಲ್ಲಿ ಮಾತ್ರ ಸ್ವಲ್ಪ ಎಳೆದರೆ ಗಾಬರಿ ಬೇಡ, ಬಗ್ಗಿಸುವಾಗ ಆ ಗುಣ ಬಂದಿರುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡರೆ ಮಾಮೂಲಿ ಕಬ್ಬಿಣ, ಮೇಲೆ ಬಣ್ಣ ಇರುತ್ತದೆ.

ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿ. ಕಂಚು ಟೊಳ್ಳಾಗಿದ್ದರೂ ಒಳ್ಳೆಯ ದನಿ ಕೊಡುತ್ತದೆ. ಫೈಬರ್‌ಗ್ಲಾಸು ಡೊಬ್ ಅಂತ ಮಂಕಾಗಿ ಸದ್ದು ಮಾಡುತ್ತದೆ. ಕಂಚಿನ ಬಣ್ಣ ಬಳಿದ ಫೈಬರ್ ಶಿಲ್ಪಗಳು ನಮ್ಮಲ್ಲಿ ತುಂಬಾ ಇವೆ, ಕೆಲವು ವರ್ಷ ಬಿಸಿಲಿಗೆ ನಿಂತರೆ ಮೇಲ್ಮೈ ಸುಣ್ಣದ ಪುಡಿಯಂತಾಗಿ ಕೈಗೆ ಹತ್ತುತ್ತದೆ, ಎಳೆಗಳು ಹೊರಗೆ ಬರುತ್ತವೆ.

ಕಲ್ಲಾದರೆ ಅಂಚುಗಳನ್ನು ನೋಡಿ. ಬೆರಳಗಲದ ಅರ್ಧ ತೂತುಗಳು ಸಾಲಾಗಿ ಕಂಡರೆ ಅದು ಬಂಡೆಯನ್ನು ಸೀಳಿದ ಗುರುತು. ಸಾಲಾಗಿ ತೂತು ಕೊರೆದು, ಒಂದೊಂದರಲ್ಲೂ ಕಬ್ಬಿಣದ ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಸುತ್ತಿಗೆ ಏಟು ಹಾಕುತ್ತಾ ಹೋಗುತ್ತಾರೆ. ಕಲ್ಲು ಒಳಗೊಳಗೇ ಬಿಟ್ಟುಕೊಳ್ಳುವುದು ಕೆಲಸಗಾರರಿಗೆ ಏಟಿನ ಸದ್ದಲ್ಲೇ ಗೊತ್ತಾಗುತ್ತದೆ. ಎಷ್ಟೋ ಶಿಲ್ಪಿಗಳು ಈ ಗುರುತನ್ನು ಅಳಿಸದೆ ಹಾಗೇ ಬಿಡುತ್ತಾರೆ, ನನಗಂತೂ ಅದು ಕೆಲಸದ ಸಹಿಯಷ್ಟೇ ಮುಖ್ಯ. ಬೆಂಗಳೂರಿನ ಸುತ್ತ ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಹೆಸರುವಾಸಿ, ಬೂದುಬಣ್ಣ, ಗಟ್ಟಿ. ಒಂದು ಘನ ಮೀಟರ್ ಗ್ರಾನೈಟು ಸುಮಾರು 2.7 ಟನ್ ತೂಗುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡು ಶಿಲ್ಪ ನೋಡಿದರೆ ನೋಟವೇ ಬದಲಾಗುತ್ತದೆ.

ಒಮ್ಮೆ ಒಂದು ಗುಂಪಿಗೆ ಸ್ಟೀಲ್ ಶಿಲ್ಪ ತೋರಿಸುತ್ತಿದ್ದೆ. ಮೆಕ್ಯಾನಿಕಲ್ ಓದುವ ಹುಡುಗನೊಬ್ಬ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಒಂದು ವೆಲ್ಡಿಂಗ್ ಗೆರೆಯ ಮೇಲೆ ಉಗುರು ಎಳೆದು, "ಸರ್, ಮುಂದೆ ಪೂರ್ತಿ ಉಜ್ಜಿ ಪಾಲಿಶ್ ಮಾಡಿದಾರೆ, ಇಲ್ಲಿ ಹಾಗೇ ಬಿಟ್ಟಿದಾರೆ. ಬೇಕಂತಲೇ ಬಿಟ್ರಾ?" ಅಂದ. ಎಲ್ಲರೂ ಹಿಂದಕ್ಕೆ ಬಂದು ಬಗ್ಗಿ ನೋಡಿದರು. ಆರ್ಗಾನ್ ವೆಲ್ಡಿಂಗಿನ ಗೆರೆ ಸಣ್ಣ ಸಣ್ಣ ಬಳೆಗಳನ್ನು ಒತ್ತಾಗಿ ಮಲಗಿಸಿದ ಹಾಗೆ ಕಾಣುತ್ತದೆ, ಸುತ್ತ ಶಾಖಕ್ಕೆ ಬಂದ ನೀಲಿ, ಹೊಂಬಣ್ಣದ ಪಟ್ಟಿ. ಆಮೇಲೆ ಅರ್ಧ ಗಂಟೆ ಆ ಬೆಸುಗೆಯ ಬಗ್ಗೆಯೇ ಮಾತು ನಡೆಯಿತು. ಅರ್ಥ ಏನು ಅಂತ ಯಾರೂ ಕೇಳಲಿಲ್ಲ.

ತುಕ್ಕು ಹಿಡಿದಿದೆಯಲ್ಲ, ಬಣ್ಣ ಹೊಡೆಸಬಾರದಾ?

ದಯವಿಟ್ಟು ಬೇಡ, ಮೊದಲು ವಿಚಾರಿಸಿ. ಕಾರ್ಟೆನ್ ಅಂತ ಒಂದು ಬಗೆಯ ಉಕ್ಕು ಇದೆ. ತಾಮ್ರ, ಕ್ರೋಮಿಯಂ ಮೊದಲಾದವನ್ನು ಸ್ವಲ್ಪ ಬೆರೆಸಿರುತ್ತಾರೆ. ಮಳೆಗೆ ನೆನೆದು ಬಿಸಿಲಿಗೆ ಒಣಗಿ, ಮತ್ತೆ ನೆನೆದು ಒಣಗಿ, ಅದರ ಮೇಲೆ ತುಕ್ಕಿನ ಒತ್ತಾದ ಒಂದು ಪದರ ಕೂರುತ್ತದೆ. ಆ ಪದರವೇ ಒಳಗಿನ ಉಕ್ಕನ್ನು ಕಾಯುತ್ತದೆ. ಮೊದಲ ಕೆಲವು ವರ್ಷ ಕೆಂಚು ನೀರು ಇಳಿದು ಕೆಳಗಿನ ಕಟ್ಟೆಗೆ ಕಲೆ ಆಗುತ್ತದೆ, ಅದಕ್ಕೆ ಸುತ್ತ ಜಲ್ಲಿ ಹಾಕುವುದು ರೂಢಿ. ಇದರ ಮೇಲೆ ಎನಾಮೆಲ್ ಬಳಿದರೆ ಕಲಾವಿದರು ಆರಿಸಿದ ಬಣ್ಣವೂ ಹೋಯಿತು, ಆ ಪದರ ಬೆಳೆಯುವುದೂ ನಿಂತಿತು.

ಆದರೆ ನೀರು ನಿಲ್ಲುವ ಸಂದು ಇದ್ದರೆ ಕಾರ್ಟೆನ್ ಕೂಡ ತೂತು ಬೀಳುವವರೆಗೂ ತಿನ್ನಿಸಿಕೊಳ್ಳುತ್ತದೆ. ಅದಕ್ಕೇ ಕೆಳಗೆ ನೀರು ಬಸಿಯಲು ಸಣ್ಣ ತೂತು ಇಟ್ಟಿರುತ್ತಾರೆ. ಒಣಗಿದ ಎಲೆ, ಇರುವೆ ಮಣ್ಣು ತುಂಬಿ ಅದು ಮುಚ್ಚಿಹೋಗುತ್ತದೆ. ಮಳೆಗಾಲ ಶುರುವಾಗುವ ಮುಂಚೆ ಒಂದು ಕಂಬಿ ತೂರಿಸಿ ಬಿಡಿಸಿ, ಅಷ್ಟು ಮಾಡಿದರೆ ಸಾಕು. ಸಿಮೆಂಟ್ ಶಿಲ್ಪದಲ್ಲಿ ಕಂದು ಗೆರೆ ಕಂಡರೆ ಅದು ಬೇರೆ ರೋಗ: ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತಿದೆ, ಸಿಮೆಂಟ್ ಚಕ್ಕೆ ಏಳುತ್ತದೆ, ತಡ ಮಾಡದೆ ಗೊತ್ತಿರುವವರಿಗೆ ತೋರಿಸಬೇಕು.

ಇಷ್ಟು ಎತ್ತರ ಇದೆ, ಗಾಳಿಗೆ ಬೀಳಲ್ವಾ?

ಸರಿಯಾಗಿ ಕಟ್ಟಿದ್ದರೆ ಬೀಳುವುದಿಲ್ಲ. ಕಟ್ಟಡಗಳ ಮೇಲಿನ ಗಾಳಿಯ ಲೆಕ್ಕಕ್ಕೆ ನಮ್ಮ ದೇಶದಲ್ಲಿ ಐಎಸ್ 875 ಎಂಬ ಸಂಹಿತೆ ಇದೆ. ಅದರಲ್ಲಿ ಬೆಂಗಳೂರಿಗೆ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ಗಾಳಿ ಎದುರಿಗೆ ಬಂದು ಬಡಿದರೆ ಪ್ರತಿ ಚದರ ಮೀಟರ್ ಮೇಲೆ ಸುಮಾರು 65 ಕೆಜಿ ಭಾರ ಒತ್ತಿದ ಹಾಗೆ. ಅಗಲವಾದ ಒಂದು ತಗಡು 10 ಚದರ ಮೀಟರ್ ಇದ್ದರೆ ಲೆಕ್ಕ ನೀವೇ ಹಾಕಿ. ಅದೇ 10 ಚದರ ಮೀಟರ್ ತಗಡು 3 ಮಿಲಿಮೀಟರ್ ದಪ್ಪದ್ದಾದರೆ ತೂಗುವುದು ಸುಮಾರು 240 ಕೆಜಿ ಮಾತ್ರ. ಹಾಗಾಗಿ ತನ್ನ ಸ್ವಂತ ತೂಕದ ಬಲದಲ್ಲೇ ಅದು ನಿಲ್ಲಲಾರದು. ನೆಲದ ಕೆಳಗೆ ಕಾಂಕ್ರೀಟಿನ ದೊಡ್ಡ ಗಟ್ಟಿ, ಅದರಿಂದ ಮೇಲಕ್ಕೆ ಬಂದ ಆಂಕರ್ ಬೋಲ್ಟುಗಳು, ಅವಕ್ಕೆ ಬಿಗಿದ ತಳದ ಪ್ಲೇಟು, ಇಷ್ಟೂ ಸೇರಿ ಹಿಡಿದಿರುತ್ತದೆ. ಎತ್ತರದ ಲೋಹದ ಶಿಲ್ಪಕ್ಕೆ ಸಿಡಿಲಿನ ದೃಷ್ಟಿಯಿಂದ ಅರ್ಥಿಂಗ್ ಕೊಟ್ಟಿರಬೇಕು, ಬೆಂಗಳೂರಿನ ಮೇ ತಿಂಗಳ ಗುಡುಗು ಮಳೆ ಗೊತ್ತಲ್ಲ. ಗುಡುಗುವಾಗ ಅದರ ಕೆಳಗೆ ನಿಲ್ಲಬೇಡಿ.

ಮುಟ್ಟಬಹುದಾ? ಹತ್ತಿ ಕೂರಬಹುದಾ?

ಕಲ್ಲು, ಸಿಮೆಂಟ್ ಆದರೆ ಮುಟ್ಟಿ. ನಾನೇ ಮುಟ್ಟಿ ನೋಡಿ ಅನ್ನುತ್ತೇನೆ. ಕಂಚನ್ನು ಎಲ್ಲರೂ ಒಂದೇ ಜಾಗದಲ್ಲಿ ಸವರುತ್ತಾ ಇದ್ದರೆ ಅಲ್ಲಿ ಮಾತ್ರ ಹಳದಿಯಾಗಿ ಹೊಳೆಯುತ್ತದೆ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿರುವ ಹೆನ್ರಿ ಮೂರ್ ಅವರ ಶಿಲ್ಪವೊಂದರ ಒಳಬದಿ ವಿದ್ಯಾರ್ಥಿಗಳು ಕೂತೂ ಕೂತೂ ಹೀಗೆ ಹೊಳಪಾಗಿದೆ. ಕೆಲವು ಶಿಲ್ಪಗಳು ಕೈ ಹಾಕಲಿ ಅಂತಲೇ ಇರುತ್ತವೆ. ಅಲ್ಲಿಯದೇ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಟೋನಿ ರೋಸೆಂತಾಲ್ ಮಾಡಿದ ಉಕ್ಕಿನ ದೊಡ್ಡ ಘನವನ್ನು ತಳ್ಳಿದರೆ ತನ್ನ ಮೂಲೆಯ ಮೇಲೆ ತಿರುಗುತ್ತದೆ.

ಹತ್ತುವುದು ಬೇಡ. ಶೂ ಕೆಳಗಿನ ಮರಳು ಸ್ಟೀಲನ್ನು ಗೀರುತ್ತದೆ, ಮುಂದಕ್ಕೆ ಚಾಚಿದ ಭಾಗಗಳನ್ನು ಯಾರೂ ಹುಡುಗರ ಗುಂಪಿನ ತೂಕಕ್ಕೆ ಲೆಕ್ಕ ಹಾಕಿರುವುದಿಲ್ಲ, ಬಿದ್ದರೆ ತಲೆಗೆ ಪೆಟ್ಟು. ಫೆಸ್ಟ್ ಬಂತು ಅಂದರೆ ಪೋಸ್ಟರ್ ಅಂಟಿಸುವುದು, ಬ್ಯಾನರ್ ಕಟ್ಟುವುದು, ಇವೂ ಬೇಡ. ಗಮ್ ಟೇಪ್ ಕಿತ್ತ ಮೇಲೆ ಉಳಿಯುವ ಅಂಟು ಧೂಳು ಹಿಡಿದು ಕಪ್ಪು ಚೌಕವಾಗಿ ವರ್ಷಗಟ್ಟಲೆ ಇರುತ್ತದೆ.

ಆಯುಧಪೂಜೆಗೆ ಅರಿಶಿನ ಕುಂಕುಮ ಇಟ್ಟು ಬಾಳೆಕಂದು ಕಟ್ಟುತ್ತಾರೆ. ತಪ್ಪಾ?

ಖಂಡಿತ ತಪ್ಪಲ್ಲ. ವರ್ಕ್‌ಶಾಪಿನವರು ಲೇಥ್ ಮೆಷೀನಿಗೆ, ಡ್ರೈವರುಗಳು ಬಸ್ಸಿಗೆ ಪೂಜೆ ಮಾಡುವಾಗ ಶಿಲ್ಪಕ್ಕೂ ಒಂದು ಹೂವಿನ ಹಾರ ಹಾಕುತ್ತಾರೆ ಅಂದರೆ ಅವರು ಅದನ್ನು ತಮ್ಮದು ಅಂದುಕೊಂಡಿದ್ದಾರೆ ಅಂತ. ನನಗೆ ಅದು ತುಂಬಾ ಖುಷಿ ಕೊಡುವ ವಿಷಯ. ಸ್ವಲ್ಪ ಜಾಗ್ರತೆ ಮಾಡಿದರೆ ಆಯಿತು. ಪಾಲಿಶ್ ಮಾಡದ ಗ್ರಾನೈಟಿಗೆ ಕುಂಕುಮ ಇಳಿದರೆ ತೆಗೆಯುವುದು ಕಷ್ಟ. ನಿಂಬೆಹಣ್ಣಿನ ಹುಳಿ ಕಂಚಿನ ಮೇಲ್ಬಣ್ಣವನ್ನು ಕಿತ್ತುಬಿಡುತ್ತದೆ, ಅಮೃತಶಿಲೆಯನ್ನು ಕೊರೆಯುತ್ತದೆ. ಎಣ್ಣೆ ಧೂಳು ಹಿಡಿಯುತ್ತದೆ. ಹಾಗಾಗಿ ಹಾರ ಹಾಕಿ, ಅರಿಶಿನ ಕುಂಕುಮವನ್ನು ಬಾಳೆಎಲೆ ಅಥವಾ ತಟ್ಟೆಯಲ್ಲಿ ಮುಂದೆ ಇಡಿ, ಬೂದುಗುಂಬಳಕಾಯಿ ಒಡೆಯುವುದನ್ನು ನಾಲ್ಕು ಹೆಜ್ಜೆ ಆಚೆ ರಸ್ತೆಯಲ್ಲಿ ಮಾಡಿ. ಬಾಳೆಕಂದನ್ನು ತಂತಿ ಬಿಟ್ಟು ಬಟ್ಟೆ ದಾರದಲ್ಲಿ ಕಟ್ಟಿ, ಮಾರನೇ ದಿನ ಎಲ್ಲ ಬಿಚ್ಚಿ. ರಾಜ್ಯೋತ್ಸವದ ಬಾವುಟಕ್ಕೂ ಇದೇ ಮಾತು.

ತೊಳೆಯುವುದು ಹೇಗೆ?

ಮೆತ್ತನೆ ಬಟ್ಟೆ, ಸಾದಾ ನೀರು, ಬೇಕಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಬೇಕು, ಇದು ಬೆಂಗಳೂರಿನಲ್ಲಿ ಮುಖ್ಯ, ಯಾಕೆಂದರೆ ನಮ್ಮ ಕ್ಯಾಂಪಸ್ಸುಗಳಲ್ಲಿ ಬರುವುದು ಹೆಚ್ಚಾಗಿ ಬೋರ್‌ವೆಲ್ ಗಡಸು ನೀರು. ಹಾಗೇ ಒಣಗಲು ಬಿಟ್ಟರೆ ಬಿಳೀ ಚುಕ್ಕೆ ಕೂರುತ್ತದೆ. ಹುಲ್ಲುಹಾಸಿನ ಸ್ಪ್ರಿಂಕ್ಲರ್ ದಿನಾ ಶಿಲ್ಪಕ್ಕೆ ಹೊಡೆಯುತ್ತಿದ್ದರೆ ಅದರ ಮುಖ ತಿರುಗಿಸಿ. ಕಪ್ಪು ಗ್ರಾನೈಟಿನ ಬುಡದಲ್ಲಿ ಮೊಣಕಾಲೆತ್ತರಕ್ಕೆ ಬಿಳಿ ಪಟ್ಟೆ ಬಂದಿದ್ದರೆ ಕಾರಣ ಬಹುತೇಕ ಅದೇ.

ಬಾತ್‌ರೂಮ್ ಆಸಿಡ್, ಬ್ಲೀಚಿಂಗ್ ಪುಡಿ, ಕಬ್ಬಿಣದ ನಾರು, ಈ ಮೂರೂ ಹತ್ತಿರ ಬರಬಾರದು. ಆಸಿಡ್ಡು, ಬ್ಲೀಚಿನಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಗುಂಡಿ ಬೀಳಿಸುತ್ತದೆ. ಪಕ್ಕದಲ್ಲಿ ಕಿಟಕಿ ಗ್ರಿಲ್ ಕತ್ತರಿಸುತ್ತಿದ್ದರೆ ಶಿಲ್ಪಕ್ಕೆ ಟಾರ್ಪಾಲ್ ಹೊದಿಸಿ, ಹಾರಿ ಬಂದ ಕಬ್ಬಿಣದ ಕಿಡಿಗಳು ಕೂತು ಸ್ಟೀಲಿನ ಮೇಲೆ ಕಂದು ಚುಕ್ಕೆ ಏಳುತ್ತವೆ. ಸ್ಟೇನ್‌ಲೆಸ್ ಅಂದಿದ್ದರಲ್ಲ, ತುಕ್ಕು ಹೇಗೆ ಬಂತು ಅಂತ ಕೇಳುವವರಿಗೆ ಅನೇಕ ಸಲ ಇದೇ ಉತ್ತರ. ಹಕ್ಕಿ ಹಿಕ್ಕೆಯನ್ನು ಒಣಗುವ ಮುಂಚೆ ತೆಗೆಯಿರಿ.

ಶಿಲ್ಪದ ಬಗ್ಗೆ ಏನೇನೋ ಕಥೆ ಹೇಳುತ್ತಾರೆ. ನಿಜವಾ?

ಅದರ ಕೆಳಗೆ ಹಾದುಹೋದರೆ ಬ್ಯಾಕ್‌ಲಾಗ್ ಬೀಳುತ್ತದೆ, ಪರೀಕ್ಷೆ ದಿನ ಮುಟ್ಟಿದರೆ ಪಾಸು, ಇಂಥ ಕಥೆ ಎಲ್ಲ ಕಡೆ ಇವೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ ಎಂಐಟಿಯಲ್ಲಿ ಅಲೆಗ್ಸಾಂಡರ್ ಕಾಲ್ಡರ್ ಮಾಡಿದ 'ದೊಡ್ಡ ಹಾಯಿ' ಎಂಬ ಉಕ್ಕಿನ ಶಿಲ್ಪ ಇದೆ, ಸುಮಾರು 40 ಅಡಿ ಎತ್ತರ. ಅದರ ಹಿಂದಿನ ಎತ್ತರದ ಕಟ್ಟಡದ ಬುಡದಲ್ಲಿ ಬಾಗಿಲು ತೆರೆಯಲಾಗದಷ್ಟು ಗಾಳಿ ನುಗ್ಗುತ್ತಿತ್ತು, ಅದನ್ನು ತಡೆಯಲು ಈ ಹಾಯಿ ನಿಲ್ಲಿಸಿದರು ಅಂತ ಅಲ್ಲಿಯ ವಿದ್ಯಾರ್ಥಿಗಳು ತಲೆಮಾರಿನಿಂದ ಹೇಳುತ್ತಾ ಬಂದಿದ್ದಾರೆ. ಗಾಳಿ ನಿಜ, ಕಾರಣ ಮಾತ್ರ ಕಟ್ಟುಕಥೆ. ಕಥೆ ಹುಟ್ಟಲಿ ಬಿಡಿ, ಜನ ಅದರ ಪಕ್ಕ ಬದುಕುತ್ತಿದ್ದಾರೆ ಅಂತ ಅರ್ಥ.

ಫೋಟೋ ತೆಗೆದು ಹಾಕಬಹುದಾ?

ಹಾಕಬಹುದು. ಸಾರ್ವಜನಿಕ ಜಾಗದಲ್ಲಿ ಅಥವಾ ಜನರಿಗೆ ಪ್ರವೇಶ ಇರುವ ಆವರಣದಲ್ಲಿ ಶಾಶ್ವತವಾಗಿ ಇಟ್ಟಿರುವ ಶಿಲ್ಪದ ಫೋಟೋ ತೆಗೆಯುವುದು, ಚಿತ್ರ ಬರೆಯುವುದು, ಅದನ್ನು ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ ಅಂತ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಶಿಲ್ಪದ್ದೇ ಇನ್ನೊಂದು ಪ್ರತಿ ಮಾಡಿಸಿ ಮಾರುವುದು ಬೇರೆ ವಿಷಯ, ಅದಕ್ಕೆ ಅನುಮತಿ ಬೇಕು. ಕ್ಯಾಂಪಸ್ಸಿನೊಳಗೆ ಮದುವೆಗೆ ಮುಂಚಿನ ಶೂಟಿಂಗ್ ಮಾಡಬಹುದಾ ಅನ್ನುವುದು ಆಯಾ ಸಂಸ್ಥೆಯ ನಿಯಮ. ಹಾಕುವಾಗ ಕಲಾವಿದರ ಹೆಸರು ಬರೆಯಿರಿ.

ಹೊಸ ಬ್ಲಾಕ್ ಕಟ್ಟುತ್ತಿದ್ದಾರೆ. ಶಿಲ್ಪವನ್ನು ಕಿತ್ತು ಬೇರೆ ಕಡೆ ಇಡಬಹುದಾ?

ಈ ಪ್ರಶ್ನೆ ಬಂದಾಗ ನನಗೆ ಸಂಕಟ ಆಗುತ್ತದೆ. ನಗರದ ಒಂದು ಕ್ಯಾಂಪಸ್ಸಿನಲ್ಲಿ ಪೈಪ್‌ಲೈನ್ ಕೆಲಸಕ್ಕೆ ಅಂತ ಒಂದು ಸಿಮೆಂಟ್ ಶಿಲ್ಪವನ್ನು ಜೆಸಿಬಿ ಕೊಕ್ಕೆಯಲ್ಲಿ ಎತ್ತಿಸಿ, ಎರಡು ತುಂಡಾದ ಮೇಲೆ ಹಾಸ್ಟೆಲ್ ಹಿಂದಿನ ಗೋಡೆಗೆ ಒರಗಿಸಿಟ್ಟಿದ್ದನ್ನು ನೋಡಿದ್ದೇನೆ. ಒಳಗಿನ ಕಂಬಿಗಳು ಹೊರಗೆ ಚಾಚಿಕೊಂಡಿದ್ದವು, ಪಕ್ಕದಲ್ಲಿ ಮುರಿದ ಡೆಸ್ಕುಗಳ ರಾಶಿ.

ಕಾನೂನು ಏನನ್ನುತ್ತದೆ ಅಂದರೆ, ಶಿಲ್ಪವನ್ನು ಮಾರಿದ ಮೇಲೂ ಕಲಾವಿದರಿಗೆ ಎರಡು ಹಕ್ಕು ಉಳಿಯುತ್ತವೆ. ಕೃತಿ ತನ್ನದು ಅಂತ ಹೇಳಿಕೊಳ್ಳುವ ಹಕ್ಕು, ಮತ್ತು ತನ್ನ ಗೌರವಕ್ಕೆ ಕುಂದು ಬರುವ ಹಾಗೆ ಅದನ್ನು ವಿರೂಪ ಮಾಡಿದರೆ ಪ್ರಶ್ನಿಸುವ ಹಕ್ಕು. ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್. ಇದರ ದೊಡ್ಡ ಮೊಕದ್ದಮೆ ಅಮರ್‌ನಾಥ್ ಸೆಹಗಲ್ ಅವರದು. ದೆಹಲಿಯ ವಿಜ್ಞಾನ ಭವನಕ್ಕೆ ಅವರು ಕಂಚಿನ ಬೃಹತ್ ಭಿತ್ತಿಶಿಲ್ಪ ಮಾಡಿಕೊಟ್ಟಿದ್ದರು. 1979ರಲ್ಲಿ ಅದನ್ನು ಕಳಚಿ ಉಗ್ರಾಣಕ್ಕೆ ಹಾಕಿದರು, ಅಲ್ಲಿ ಹಾಳಾಯಿತು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ವಾಪಸ್ ಕೊಡಬೇಕು, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಪ್ರದರ್ಶಿಸದೆ ಸುಮ್ಮನೆ ಒಳಗಿಟ್ಟ ಮಾತ್ರಕ್ಕೆ ಹಕ್ಕು ಮುರಿದ ಹಾಗೆ ಆಗುವುದಿಲ್ಲ ಅಂತಲೂ ಕಾಯ್ದೆಯಲ್ಲಿ ಇದೆ. ಹಾಳು ಮಾಡುವುದು ಮಾತ್ರ ಬೇರೆ.

ಹಾಗಾಗಿ ಸರಿಸಲೇಬೇಕಾದರೆ ಮೊದಲು ಕಲಾವಿದರಿಗೆ ಅಥವಾ ಅವರ ಮನೆಯವರಿಗೆ ತಿಳಿಸಿ. ಎಲ್ಲಿ ಪಟ್ಟಿ ಹಾಕಿ ಎತ್ತಬೇಕು, ತೂಕ ಎಲ್ಲಿ ಕೂಡುತ್ತದೆ ಅಂತ ಮಾಡಿದವರಿಗೇ ಚೆನ್ನಾಗಿ ಗೊತ್ತು. ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ಮುಖ ಪೂರ್ವಕ್ಕಿತ್ತು ಅಂತ ಬರೆದಿಡಿ. ಚೈನ್ ಬೇಡ, ಅಗಲವಾದ ಬಟ್ಟೆಯ ಬೆಲ್ಟ್ ಹಾಕಿ ಕ್ರೇನಿನಲ್ಲಿ ಎತ್ತಿಸಿ.

ಇದಕ್ಕೆ ಹಾಕಿದ ದುಡ್ಡಲ್ಲಿ ಲ್ಯಾಬ್ ಕಟ್ಟಬಹುದಿತ್ತು, ಅಲ್ವಾ?

ಲ್ಯಾಬ್ ಇಲ್ಲದ ಕಾಲೇಜಿನಲ್ಲಿ ಈ ಪ್ರಶ್ನೆ ನ್ಯಾಯವಾದದ್ದೇ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ನಮ್ಮ ಬಹಳಷ್ಟು ಕ್ಯಾಂಪಸ್ ಶಿಲ್ಪಗಳು ಶಿಲ್ಪ ಶಿಬಿರಗಳಿಂದ ಬಂದವು. ಅಕಾಡೆಮಿಗಳು, ಕಲಾಶಾಲೆಗಳು ಕೆಲವು ವಾರ ಶಿಬಿರ ನಡೆಸುತ್ತವೆ, ಕಲಾವಿದರು ಅಲ್ಲೇ ಉಳಿದು, ಅಲ್ಲೇ ಕಲ್ಲು ಕಡಿದು, ಕೊನೆಗೆ ಕೃತಿಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಗೇಟಿನ ಕಮಾನಿಗೆ, ಗ್ರಾನೈಟ್ ಹೊದಿಕೆಗೆ ಹಾಕುವ ದುಡ್ಡಿನ ಬಗ್ಗೆ ಇದೇ ಪ್ರಶ್ನೆ ಯಾರೂ ಕೇಳುವುದಿಲ್ಲ ಅನ್ನುವುದೂ ನನ್ನ ಮನಸ್ಸಿಗೆ ಬರುತ್ತದೆ.

ನನಗೆ ಇಷ್ಟ ಆಗಲಿಲ್ಲ. ಏನು ಮಾಡಲಿ?

ಏನೂ ಮಾಡಬೇಕಾಗಿಲ್ಲ. ಇಷ್ಟ ಆಗದಿರಬಹುದು, ಎಲ್ಲ ಶಿಲ್ಪಗಳೂ ಚೆನ್ನಾಗಿರುವುದೂ ಇಲ್ಲ. ಸುತ್ತು ಹಾಕಿದ ಮೇಲೂ ಇಷ್ಟ ಆಗದಿದ್ದರೆ ಯಾಕೆ ಅಂತ ಸ್ನೇಹಿತರ ಜೊತೆ ಜಗಳ ಆಡಿ.

ಬೆಂಗಳೂರಿನಲ್ಲಿ ಇಂಥವು ಇನ್ನೆಲ್ಲಿ ನೋಡಬಹುದು?

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣ ಮೊದಲು. ಮರಗಳ ನಡುವೆ, ದಾರಿ ಬದಿಯಲ್ಲಿ ಶಿಲ್ಪಗಳು ಸಿಗುತ್ತವೆ, ಕಲಾ ವಿದ್ಯಾರ್ಥಿಗಳು ಕೆಲಸ ಮಾಡುವುದೂ ಕಾಣಬಹುದು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ, ಅದರ ತೋಟದಲ್ಲಿ ಹಳೇ ಮರಗಳ ಕೆಳಗೆ ಶಿಲ್ಪಗಳಿವೆ. ಸೋಮವಾರ ರಜೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಏನೇನು ಸಾಧ್ಯ ಅಂತ ತಿಳಿಯಲು ಬೆಂಗಳೂರಿನಲ್ಲೇ ನೆಲೆಸಿ ಕೆಲಸ ಮಾಡಿದ ಬಾಲನ್ ನಂಬಿಯಾರ್ ಅವರ ಶಿಲ್ಪಗಳನ್ನು ಹುಡುಕಿ ನೋಡಿ. ಶಂಖದ ಸುರುಳಿ, ಕೇರಳದ ತೆಯ್ಯಂ ಆಚರಣೆಯ ಆಕಾರಗಳು ಅವರ ಕೈಯಲ್ಲಿ ಲೆಕ್ಕಾಚಾರದ ಉಕ್ಕಿನ ರೂಪ ತಾಳಿವೆ. ಗವಿಪುರವನ್ನು ಬಿಡಬೇಡಿ.

ನಮ್ಮ ಶಿಲ್ಪದ ಮುಂದೆ ಫಲಕವೇ ಇಲ್ಲ. ಯಾರು ಮಾಡಿದ್ದು ಅಂತ ಪತ್ತೆ ಮಾಡುವುದು ಹೇಗೆ?

ನನಗೆ ತುಂಬಾ ಬೇಸರ ತರುವ ವಿಷಯ ಇದು. ಉದ್ಘಾಟನೆ ಮಾಡಿದವರ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ, ಕಡಿದವರ ಹೆಸರು ಇರುವುದಿಲ್ಲ. ಮೊದಲು ಶಿಲ್ಪದ ಬುಡವನ್ನು ಸುತ್ತಲೂ ನೋಡಿ, ಹುಲ್ಲು, ಮಣ್ಣು ಸರಿಸಿ. ಹಿಂಬದಿ ಮೂಲೆಯಲ್ಲಿ ಎರಡಕ್ಷರದ ಸಹಿ, ಇಸವಿಯ ಕೊನೆಯ ಎರಡು ಅಂಕಿ ಕೆತ್ತಿರುವುದು ಸಾಮಾನ್ಯ. ಕಣ್ಣಿಗೆ ಕಾಣದಿದ್ದರೆ ಸಂಜೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಲೈಬ್ರರಿಯಲ್ಲಿ ಹಳೇ ಸ್ಮರಣ ಸಂಚಿಕೆ, ವಾರ್ಷಿಕ ವರದಿ ಕೇಳಿ. ನಿವೃತ್ತ ಮೇಷ್ಟ್ರುಗಳನ್ನು, ತೋಟದ ಮಾಲಿಯನ್ನು ವಿಚಾರಿಸಿ. ಕ್ರೇನ್ ಬಂದ ದಿನ ಅವರು ಅಲ್ಲೇ ಇದ್ದಿರಬಹುದು. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಶಿಲ್ಪಕಲಾ ಅಕಾಡೆಮಿ, ಲಲಿತಕಲಾ ಅಕಾಡೆಮಿಗಳಲ್ಲೂ ಕೇಳಿ ನೋಡಿ.

ಎಲ್ಲೂ ಸಿಗದಿದ್ದರೆ, ಸರ್ಕಾರಿ ವಿಶ್ವವಿದ್ಯಾಲಯವಾದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ಹೀಗೆ ಬರೆದರೆ ಸಾಕು: "ಆಡಳಿತ ಕಟ್ಟಡದ ಮುಂದಿನ ಶಿಲ್ಪದ ಕಲಾವಿದರ ಹೆಸರು, ಕೃತಿಯ ಹೆಸರು, ಸ್ಥಾಪಿಸಿದ ವರ್ಷ, ಬಳಸಿದ ವಸ್ತು, ಇದಕ್ಕೆ ಸಂಬಂಧಿಸಿದ ಆದೇಶ ಅಥವಾ ಒಪ್ಪಂದದ ಪ್ರತಿ, ಮತ್ತು ಇದರ ನಿರ್ವಹಣೆ ಯಾವ ವಿಭಾಗದ ಹೊಣೆ ಎಂಬ ಮಾಹಿತಿಯನ್ನು ದಯವಿಟ್ಟು ಒದಗಿಸಿ." ಉತ್ತರ ಬಂದ ಮೇಲೆ ಅದರ ಒಂದು ಪ್ರತಿಯನ್ನು ಲೈಬ್ರರಿಗೆ ಕೊಡಿ, ಇನ್ನೊಂದನ್ನು ಲಗತ್ತಿಸಿ ಫಲಕ ಹಾಕಿಸಿ ಅಂತ ಕುಲಸಚಿವರಿಗೆ ಪತ್ರ ಬರೆಯಿರಿ.